ನೆಲನೆಲ್ಲಿಗೆ ನನ್ನ ಶಿಫಾರಸು

...ಅಥವಾ ಅದು ನೆಲನೆಲ್ಲಿಯೇ ಆಗಿರಲಿಲ್ಲವೋ ಏನೋ. ಮೊದಲ ವಾಕ್ಯದಲ್ಲೇ ಹೀಗೆ ಅನುಮಾನ ಪಡುವುದು ಒಳ್ಳೆಯ ಲಕ್ಷಣವಲ್ಲ, ಗೊತ್ತು. ಆದರೆ ನನ್ನ ನೆನಪಿನ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಅದು ಬಹಳ ಅಚ್ಚುಕಟ್ಟಿನದು. ನಡೆದದ್ದನ್ನೆಲ್ಲ ಮಡಚಿ, ಇಸ್ತ್ರಿ ಮಾಡಿ, ನಾನೇ ಎಲ್ಲರಿಗಿಂತ ಎತ್ತರವಾಗಿ ಕಾಣುವಂತೆ ಜೋಡಿಸಿ ಇಟ್ಟಿರುತ್ತದೆ. ನಾನಿರುವುದು ಐದಡಿ ಎರಡಂಗುಲ. ಆದ್ದರಿಂದ ಈ ಸಲ, ಎಲ್ಲಿ ನನಗೆ ಅವಮಾನವಾಗುತ್ತದೆಯೋ ಅಲ್ಲಿ ನಿಜ ಇದ್ದೀತು ಎಂದು ಹಿಡಿದು ಬರೆಯುತ್ತೇನೆ. ಗಿಡ ಯಾವುದಾದರೂ ಆಗಿರಲಿ, ಗೇಣುದ್ದದ್ದು. ಮಳೆಗಾಲದಲ್ಲಿ ಹುಟ್ಟಿ ದೀಪಾವಳಿಯ ಹೊತ್ತಿಗೆ ಒಣಗಿಹೋಗುವಂಥದು. ಅದರ ಮೇಲೆ ನನಗೆ ಹೊಟ್ಟೆಕಿಚ್ಚು. ಉಳಿದ ಗಂಡಸರು ಜೊತೆಯವನ ಬಡ್ತಿಗೋ ನೆರೆಯವನ ಹೊಸ ಸೈಕಲ್ಲಿಗೋ ಹೊಟ್ಟೆಕಿಚ್ಚು ಪಡುತ್ತಾರೆ. ಅದರಲ್ಲಿ ಒಂದು ಮರ್ಯಾದೆಯಿದೆ, ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಹಿತ್ತಲಾಚೆಯ ಕಳೆಗಿಡದ ಮೇಲೆ ಮತ್ಸರವೆಂದು ಯಾರ ಮುಂದೆ ಹೇಳಲಿ? ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಧಾರವಾಡದ ಒಂದು ಸಾಲೆಯಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಮಾಸ್ತರರಲ್ಲಿ ಡ್ರಾಯಿಂಗ್ ಮಾಸ್ತರನೆಂದರೆ ಊಟದೆಲೆಯ ಮೇಲಿನ ಉಪ್ಪಿನಕಾಯಿ. ಇದ್ದರೆ ಛಲೋ, ಇಲ್ಲವೆಂದು ಯಾರೂ ಎದ್ದು ಹೋಗುವುದಿಲ್ಲ. ನಮ್ಮ ಬಾಡಿಗೆ ಮನೆ ಊರು ಮುಗಿಯುವಲ್ಲಿತ್ತು. ಹಿತ್ತಲ ಬಾಗಿಲು ತೆರೆದರೆ ಕಳ್ಳಿಯ ಬೇಲಿ, ಅದರಾಚೆ ಯಾರೂ ಉಳದ ಕೆಮ್ಮಣ್ಣಿನ ಇಳಿಜಾರು. ನಮ್ಮ ಮನೆಯಾಕೆ ಗದಗಿನ ಕಡೆಯ ಕಪ್ಪು ಎರೆಮಣ್ಣಿನವಳು. ಬಂದ ಹೊಸತರಲ್ಲಿ ಅವಳಿಗೆ ಇಲ್ಲಿ ನಾನು ಹಿಡಿಸಿದೆನೋ ಇಲ್ಲವೋ ಹೇಳಲಿಲ್ಲ. ಮಣ್ಣು ಹಿಡಿಸಲಿಲ್ಲವೆಂದು ಮಾತ್ರ ಸ್ಪಷ್ಟವಾಗಿ ಹೇಳಿದಳು. "ಇದೇನ ಮಣ್ಣರಿ? ಯಾವಾಗ ನೋಡಿದ್ರೂ ಸಿಟ್ಟಿಗೆದ್ದಂಗ ಕೆಂಪಗ. ನಮ್ಮ ಎರಿಮಣ್ಣು ಕಾಲು ಹಿಡಕೊಂಡು ಇನ್ನಷ್ಟು ಕುಂದ್ರು ಅಂತಿತ್ತು. ಇದು ಜಾರಿಸಿ, ನಡಿ ನಡಿ ಅಂತೈತಿ." ಆಮೇಲೆ ಒಂದು ವರ್ಷ ಅವಳು ಆ ಮಣ್ಣಿನ ಜೊತೆ ಒಂದು ಬಗೆಯ ಸಂಧಾನ ನಡೆಸಿದಳು. ಹಿತ್ತಲಿಗೆ ಹೋದಾಗಲೆಲ್ಲ ಒಂದು ಹಿಡಿ ತೆಗೆದುಕೊಂಡು ತಿಕ್ಕುವಳು, ಮೂಸುವಳು, ನಾಲಿಗೆಯ ತುದಿಗೂ ಮುಟ್ಟಿಸುವಳು. ಮಳೆ ಬಿದ್ದ ಮೇಲೆ ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಓಡಿಹೋಗುತ್ತದೆ, ಎಲ್ಲಿ ಮೊದಲು ಹಸಿರು ಮೂಡುತ್ತದೆ ಎಂದು ನಿಂತು ನೋಡುವಳು. ನಾನು ಇದನ್ನು ತವರಿನ ಹಂಬಲವೆಂದು ತಿಳಿದೆ. ಅದು ಸಲುಗೆ ಬೆಳೆಯುವ ರೀತಿಯೆಂದು ನನಗೆ ಹೊಳೆಯಲಿಲ್ಲ. ಏಕೆಂದರೆ ಅಂಥ ಪರೀಕ್ಷೆಗೆ ನನ್ನನ್ನು ಯಾರೂ ಒಳಪಡಿಸಿರಲಿಲ್ಲ.

ಆ ಇಳಿಜಾರಿನಲ್ಲಿ ಹುಸೇನಬಿ ಎಂಬ ಮುದುಕಿ ಆರು ಆಡು ಮೇಯಿಸುತ್ತಿದ್ದಳು. ಅವಳ ಗಂಡ ಟಾಂಗಾ ಹೊಡೆಯುತ್ತಿದ್ದು ತೀರಿಕೊಂಡಿದ್ದ. ಅವಳಿಗೂ ನಮ್ಮಾಕೆಗೂ ಹೇಗೆ ಗೆಳೆತನವಾಯಿತೆಂದು ಕೇಳಿದರೆ ನನ್ನ ಹತ್ತಿರ ಎರಡು ನೆನಪುಗಳಿವೆ, ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಒಂದರಲ್ಲಿ ಆಡು ನಮ್ಮ ಹೀರೆಬಳ್ಳಿ ತಿಂದು ಜಗಳವಾಗುತ್ತದೆ. ಇನ್ನೊಂದರಲ್ಲಿ ನಮ್ಮಾಕೆಯ ಅಂಗಾಲಿಗೆ ಮುಳ್ಳು ನಟ್ಟು, ಹುಸೇನಬಿ ಯಾವುದೋ ಗಿಡದ ಹಾಲು ಹಚ್ಚಿ ತೆಗೆಯುತ್ತಾಳೆ. ಮೊದಲನೆಯದೇ ನಿಜವಿದ್ದೀತು, ಆ ವರ್ಷ ನಾವು ಹೀರೇಕಾಯಿ ತಿಂದದ್ದು ನೆನಪಿಲ್ಲ. ಅಂತೂ ಹುಸೇನಬಿ ಹೇಳಿದಳು: "ಆಡು ನೋಡ್ರಿ ಅಕ್ಕಾರ. ಆರಾಮ ಇದ್ದಾಗ ಒಂದು ತಿಂತೈತಿ, ಬ್ಯಾನಿ ಬಂದಾಗ ಇನ್ನೊಂದು ಹುಡುಕತೈತಿ. ನನಗ ಕಲಿಸಿದ್ದು ಯಾವ ಹಕೀಮನೂ ಅಲ್ಲ, ಇವೇ." ನಮ್ಮಾಕೆ ಒಂದಿಡೀ ಮಳೆಗಾಲ ಆಡು ನೋಡಿದಳು. ಯಾವ ಗಿಡದ ಎಲೆ ಮುಂಜಾನೆ ಒಂದು ವಾಸನೆ, ಮಧ್ಯಾಹ್ನ ಇನ್ನೊಂದು. ಯಾವುದು ಬಂಡೆಯ ಮಗ್ಗುಲಲ್ಲಿ ಕಹಿ, ತಗ್ಗಿನಲ್ಲಿ ಸಪ್ಪೆ. ಇದೆಲ್ಲ ಅವಳಿಗೆ ನಮ್ಮ ಬೀಗರ ಸ್ವಭಾವದಷ್ಟೇ ಚೆನ್ನಾಗಿ ಗೊತ್ತಾಯಿತು.

ಇದರಲ್ಲಿ ಮತ್ಸರಕ್ಕೇನಿದೆ ಎನ್ನುತ್ತೀರಿ. ತಾಳಿರಿ. ಹುಸೇನಬಿ ಕಲಿಸಿದ ಒಂದು ಪದ್ಧತಿಯಿತ್ತು. ಔಷಧದ ಗಿಡವನ್ನು ಸುಮ್ಮನೆ ಕೀಳುವಂತಿಲ್ಲ. "ಹೇಳದ ಕಿತ್ತರ ಅದು ಔಷಧ ಅಲ್ಲ, ಕಳವು." ಹಿಂದಿನ ದಿನ ಸಂಜೆ ಗಿಡದ ಹತ್ತಿರ ಹೋಗಿ, ಯಾರ ಸಲುವಾಗಿ ಬೇಕು, ಅವರ ಹೆಸರೇನು, ಏನು ಬೇನೆ ಎಂದು ಹೇಳಬೇಕು. ಮರುದಿನ ಬಿಸಿಲು ಎಲೆಗೆ ಮುಟ್ಟುವ ಮುಂಚೆ ಹೋಗಿ ತರಬೇಕು. ಹೇಳುವಾಗ ರೋಗಿಯಾಗಲಿ ಅವರ ಮನೆಯವರಾಗಲಿ ನೋಡಬಾರದು. ನೋಡಿದರೆ ಗಿಡಕ್ಕೆ ಕೊಟ್ಟ ಆ ಕರೆ ಕೆಟ್ಟಿತು, ಮತ್ತೊಂದು ದಿನ ಹೊಸದಾಗಿ ಹೇಳಬೇಕು. ಹೇಳಿ ಮುಗಿದ ಮೇಲೆ ಹುಸೇನಬಿ ಬುಡಕ್ಕೆ ನಾಲ್ಕು ಹನಿ ನೀರು ಹಾಕುತ್ತಿದ್ದಳು, ನಮ್ಮಾಕೆ ನಾಲ್ಕು ಕಾಳು ಅಕ್ಷತೆ. ಗಿಡಗಳು ಎರಡಕ್ಕೂ ತಕರಾರು ಮಾಡಿದ್ದು ಕಾಣಲಿಲ್ಲ.

ಒಂದು ಸಂಜೆ ನಾನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಬೇಲಿಯಾಚೆ ಅವಳ ಧ್ವನಿ ಕೇಳಿತು. ಲಕ್ಕಿ ಗಿಡದ ಮುಂದೆ ನಿಂತಿದ್ದಳು. "ನಾಳೆ ಭರಮಪ್ಪನ ಸಲುವಾಗಿ ಬರತೇನವ್ವಾ. ನಮಗ ಹಾಲು ಹಾಕೂ ಭರಮಪ್ಪ. ಮೊಣಕಾಲು ಬಾತೈತಿ. ಪಾಪ, ಪಾವಟಣಿಗಿ ಏರೂವಾಗ ಹಲ್ಲು ಕಚ್ಚತಾನ, ಯಾರಿಗೂ ಹೇಳಂಗಿಲ್ಲ. ಹಾಲಿನ್ಯಾಗ ನೀರು ಹಾಕತಾನ ಖರೇ, ಆದ್ರ ಮನಸಿನ್ಯಾಗ ನೀರು ಹಾಕಿಲ್ಲ." ನಾನು ತಂಬಿಗೆ ಹಿಡಿದು ಹಾಗೇ ನಿಂತುಬಿಟ್ಟೆ. ಮದುವೆಯಾಗಿ ಹನ್ನೊಂದು ವರ್ಷ ಅವೇ ಪಾವಟಿಗೆಗಳನ್ನು ನಾನೂ ಹತ್ತಿದ್ದೇನೆ, ನನಗೂ ಎರಡು ಮೊಣಕಾಲುಗಳಿವೆ. ನನಗೆ ಅವಳಾಡುವ ಮಾತು ಎಷ್ಟು? "ಊಟಕ್ಕ ಏಳ್ರಿ." "ಛತ್ರಿ ತಗೊಂಡ್ರ್ಯಾ?" "ಗೋಡಿಗೆ ಬಣ್ಣ ಹತ್ತಿತು ನೋಡ್ರಿ." ಒಂದು ಲಕ್ಕಿ ಗಿಡಕ್ಕೆ ಭರಮಪ್ಪನ ಇಡೀ ಮನಸ್ಸು ಬಿಚ್ಚಿ ಹೇಳುವ ನಾಲಿಗೆ, ಮನೆಯೊಳಗೆ ಬಂದ ಕೂಡಲೇ ಛತ್ರಿಯ ಮೇಲೆ ನಿಲ್ಲುತ್ತದೆ. ಅಂದಿನಿಂದ ಅವಳು ಸಂಜೆ ಹೊರಗೆ ಹೋದಾಗಲೆಲ್ಲ ನಾನು ಮನದಲ್ಲೇ ಮಗ್ಗಿ ಹೇಳಿ ಹೊತ್ತು ಅಳೆಯತೊಡಗಿದೆ. ಸಾಮಾನ್ಯ ಕೆಮ್ಮಿಗೆ ನಾಲ್ಕರ ಮಗ್ಗಿ ಸಾಕಾಗುತ್ತಿತ್ತು. ಭರಮಪ್ಪನಿಗೆ ಎರಡನೆಯ ಸಲ ಆರರವರೆಗೆ ಹೋಯಿತು.

ಮತ್ಸರ ಬಂದವನು ಎರಡರಲ್ಲಿ ಒಂದು ಮಾಡುತ್ತಾನೆ: ಜಗಳ ತೆಗೆಯುತ್ತಾನೆ, ಇಲ್ಲವೆ ತಾನೂ ಅದನ್ನೇ ಮಾಡಹೋಗುತ್ತಾನೆ. ಜಗಳಕ್ಕೆ ನನ್ನಲ್ಲಿ ಧೈರ್ಯವಿರಲಿಲ್ಲ. ಹುಬ್ಬಳ್ಳಿಯ ಹಳೆಯ ಪುಸ್ತಕದಂಗಡಿಯಿಂದ ಚಿತ್ರಗಳಿದ್ದ ಒಂದು ಮರಾಠಿ ವನಸ್ಪತಿ ಪುಸ್ತಕ ತಂದೆ. ಚಿತ್ರ ನೋಡಿ ಗಿಡ ಗುರುತಿಸುವುದು ಡ್ರಾಯಿಂಗ್ ಮಾಸ್ತರನಿಗೆ ಎಷ್ಟರ ಕೆಲಸ? ಎರಡು ರವಿವಾರ ಕೂತು, ದಪ್ಪ ಕಾಗದ ಕತ್ತರಿಸಿ, ಅಂದವಾದ ಅಕ್ಷರಗಳಲ್ಲಿ ಹೆಸರು, ಗುಣ, ಉಪಯೋಗ ಬರೆದು, ಗೋಧಿ ಹಿಟ್ಟು ಕುದಿಸಿದ ಅಂಟಿನಿಂದ ಒಂದೊಂದು ಗಿಡದ ಕಾಂಡಕ್ಕೂ ಚೀಟಿ ಅಂಟಿಸಿದೆ. ಇಳಿಜಾರು ಒಂದು ಪ್ರದರ್ಶನದಂತೆ ಕಂಡಿತು. ಇನ್ನು ಮುಂದೆ ಇಲ್ಲಿ ಮಾತಿನ ಅವಶ್ಯಕತೆಯೇ ಇಲ್ಲ, ಓದಿದರೆ ಸಾಕು ಎಂದುಕೊಂಡೆ. ಮರುದಿನ ನೋಡಿದರೆ ಚೀಟಿಯೂ ಇಲ್ಲ, ಚೀಟಿ ಹಚ್ಚಿದ ಗಿಡವೂ ಇಲ್ಲ. ಆಡುಸೋಗೆಯನ್ನು ಆಡು ಮೂಸಿಯೂ ನೋಡುವುದಿಲ್ಲವೆಂದು ಹುಸೇನಬಿ ಹೇಳುತ್ತಿದ್ದಳು. ಗೋಧಿ ಹಿಟ್ಟಿನ ರುಚಿ ಹತ್ತಿದ ಮೇಲೆ ಆರೂ ಸೇರಿ ಅದನ್ನೂ ಬುಡದವರೆಗೆ ಮುಗಿಸಿದ್ದವು. ಹುಸೇನಬಿ ಸೊಂಟದ ಮೇಲೆ ಕೈಯಿಟ್ಟು, "ಮಾಸ್ತರ, ಆಡಿಗೆ ಸಾಲಿ ಕಲಿಸಿದ್ರಿ, ಭಾಳ ಛಲೋ ಆತು. ಈಗ ನಮ್ಮ ಆಡು ಓದಿದ್ದಷ್ಟೇ ತಿಂತಾವು" ಎಂದಳು. ನಮ್ಮಾಕೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಉಳಿದ ಮೋಟುಗಳ ಹತ್ತಿರ ಮಾತ್ರ ಹೋಗಿ ಬಹಳ ಹೊತ್ತು ನಿಂತು ಬಂದಳು. ನನ್ನ ಪರವಾಗಿ ಕ್ಷಮೆ ಕೇಳುತ್ತಿದ್ದಳೆಂದು ಆಗ ನನಗೆ ಅನಿಸಿತ್ತು. ಈಗ ಅದೂ ಖಾತ್ರಿಯಿಲ್ಲ.

ಅಷ್ಟರಲ್ಲಿ ಅವಳ ಹೆಸರು ಓಣಿ ದಾಟಿತ್ತು. ಒಮ್ಮೆ ಸ್ಟೇಶನ್ನಿನಿಂದ ಟಾಂಗಾ ಹತ್ತಿ ಡ್ರಾಯಿಂಗ್ ಮಾಸ್ತರರ ಮನೆ ಎಂದರೆ ಟಾಂಗಾದವನಿಗೆ ತಿಳಿಯಲಿಲ್ಲ. ಕಳ್ಳಿ ಬೇಲಿ, ಇಳಿಜಾರು ಎಂದು ಗುರುತು ಹೇಳಿದೆ. "ಹಂಗನ್ರಿ ಮತ್ತ! ಔಷಧದ ಅಕ್ಕಾರ ಮನಿ!" ಎಂದು ಕುದುರೆಗೆ ಚಾಟಿ ತೋರಿಸಿ, ಆಮೇಲೆ ನನ್ನನ್ನು ಹೊರಳಿ ನೋಡಿ ಕೇಳಿದ: "ನೀವು ಅಲ್ಲಿ ಬಾಡಿಗಿ ಇದ್ದೀರೇನ್ರಿ?" ನಮ್ಮ ಹೆಡ್ ಮಾಸ್ತರರು ಐದು ವರ್ಷದಲ್ಲಿ ಒಮ್ಮೆಯೂ ನನ್ನ ತರಗತಿಗೆ ಕಾಲಿಟ್ಟವರಲ್ಲ, ಒಂದು ದಿನ ತಾವಾಗಿ ಬಂದರು. ನನ್ನ ಜಲವರ್ಣದ ಕೀರ್ತಿ ಮುಟ್ಟಿತೆಂದು ಎದ್ದು ನಿಂತೆ. "ಮಾಸ್ತರ, ನಿಮ್ಮ ಮನಿಯವರಿಗೆ ನನ್ನ ಕಿವಿದು ಸ್ವಲ್ಪ ಹೇಳ್ರಿ" ಎಂದು ಕಿವಿ ತೋರಿಸಿ ಹೋದರು.

ಇಂಥ ಸ್ಥಿತಿಯಲ್ಲಿ ನನಗೆ ಕಾಮಾಲೆಯಾಯಿತು. ಶ್ರಾವಣವೋ ಭಾದ್ರಪದವೋ, ಜಿಟಿಜಿಟಿ ಹಿಡಿದಿತ್ತು. ಗಣಿತದ ಮಾಸ್ತರರು ನನ್ನ ಕಣ್ಣ ರೆಪ್ಪೆ ಎತ್ತಿ, "ಇದರಾಗ ಅರಿಷಿಣ ಯಾರ ಹಾಕ್ಯಾರ್ರೀ?" ಎಂದರು. ಯಾರಿಗಾದರೂ ಗಾಬರಿಯಾಗಬೇಕು. ನನಗೆ ಮಾತ್ರ, ನಾಚಿಕೆಯಾದರೂ ಹೇಳುತ್ತೇನೆ, ಹಿಗ್ಗಾಯಿತು. ಈಗ ಅವಳು ಕಾಮಾಲೆಗೆ ಕೊಡುವ ನೆಲನೆಲ್ಲಿಯ ಮುಂದೆ ನಿಂತು ನನ್ನ ಬಗ್ಗೆ ಹೇಳಲೇಬೇಕು! ನನ್ನ ಮನಸ್ಸಿನಲ್ಲಿ ನೀರಿದೆಯೋ ಇಲ್ಲವೋ, ಆರರ ಮಗ್ಗಿಗಿಂತ ಮುಂದೆ ಹೋಗುತ್ತೇನೋ ಇಲ್ಲವೋ, ಎಲ್ಲ ಹೊರಬೀಳಬೇಕು. ಅರ್ಧ ಓಡುತ್ತ ಮನೆಗೆ ಬಂದೆ. ದಾರಿಯಲ್ಲಿ ಸರ್ಕಾರಿ ದವಾಖಾನೆಗೆ ಹೋಗಿ ಒಂದು ಬಾಟಲಿ ಮಿಕ್ಸ್ಚರನ್ನೂ ತಂದು ಚಿತ್ರದ ಹಲಗೆಗಳ ಹಿಂದೆ ಬಚ್ಚಿಟ್ಟೆ. ಗಿಡದ ಮೇಲೆ ಅಪನಂಬಿಕೆಯೆಂದಲ್ಲ. ಅದಕ್ಕೆ ಪೂರ್ತಿ ಶ್ರೇಯಸ್ಸು ಸಿಗಬಾರದೆಂದು. ಡಾಕ್ಟರರು ಕೊಡುವಾಗಲೇ, "ಇದು ಕುಡೀರಿ, ಕುಡೀದಿದ್ರೂ ಮಲಗಿದ್ರ ತಾನ ಹೋಗತೈತಿ" ಎಂದಿದ್ದರು.

ಹಾಸಿಗೆಯ ಮೇಲೆ ಬಿದ್ದುಕೊಂಡಾಗ ಒಂದು ತೊಡಕು ಹೊಳೆಯಿತು. ರೋಗಿಯ ಹೆಸರು ಹೇಳಬೇಕು. ನಮ್ಮಾಕೆ ನನ್ನ ಹೆಸರು ಹೇಳುವುದಿಲ್ಲ. ಯಾರ ಮನೆಯ ಹೆಂಗಸೂ ಗಂಡನ ಹೆಸರು ಹೇಳುವುದಿಲ್ಲ, ಇದರಲ್ಲಿ ಹೊಸದೇನಿಲ್ಲ. ಆದರೆ ಇವಳ ನಿಷ್ಠೆ ಸ್ವಲ್ಪ ಹೆಚ್ಚಿನದು. ಖಾನೇಸುಮಾರಿಯವರು ಜನಗಣತಿಗೆ ಬಂದು ಯಜಮಾನರ ಹೆಸರೇನೆಂದು ಕೇಳಿದಾಗ ಗೋಡೆಯ ಮೇಲಿನ ನನ್ನ ಚಿತ್ರದ ಮೂಲೆಯ ಸಹಿಯನ್ನು ಬೆರಳು ಮಾಡಿ ತೋರಿಸಿದಳಂತೆ. ನನ್ನ ಸಹಿ ಕಲಾವಿದನ ಸಹಿ, ಸ್ವತಃ ನನಗೂ ಓದಲು ಬರುವುದಿಲ್ಲ. ಅವರು ಅಲ್ಲಿ ಏನು ಕಂಡು ಏನು ಬರೆದುಕೊಂಡು ಹೋದರೋ! ಮದುವೆ ಮನೆಗಳಲ್ಲಿ ಹೆಂಗಸರು ಬಾಗಿಲು ಹಿಡಿದು, ಒಡಪು ಕಟ್ಟಿ ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲವಲ್ಲ, ಅಲ್ಲಿ ಹನ್ನೊಂದು ವರ್ಷದಲ್ಲಿ ಎರಡು ಸಲ ನನ್ನ ಹೆಸರು ಅವಳ ಬಾಯಿಂದ ಬಿದ್ದಿತ್ತು. ಎರಡು ಸಲವೂ ಮೇಲ್ ಗಾಡಿ ಸಣ್ಣ ಸ್ಟೇಶನ್ನನ್ನು ದಾಟಿದ ಹಾಗೆ, ಗದ್ದಲ ಕೇಳಿತೇ ಹೊರತು ಬೋರ್ಡು ಓದಲಾಗಲಿಲ್ಲ. ಅಂಥವಳು ಈಗ ಗೇಣುದ್ದದ ಗಿಡದ ಮುಂದೆ ಏನು ಹೇಳುತ್ತಾಳೆ? ಭರಮಪ್ಪನ ಹೆಸರನ್ನು ಅಷ್ಟು ಸಲೀಸಾಗಿ ಹೇಳಿದ ಬಾಯಿ ನನ್ನ ಹೆಸರಿಗೆ ತೆರೆಯುತ್ತದೆಯೇ? ನನಗೆ ಆ ಹೊತ್ತಿನಲ್ಲಿ ಕಾಮಾಲೆ ಹೋಗುವುದಕ್ಕಿಂತ ಅದು ಬೇಕಾಗಿತ್ತು.

ಸಂಜೆ ಅವಳು ಅಕ್ಷತೆ ಸೆರಗಿಗೆ ಕಟ್ಟಿಕೊಂಡು ಹೊರಟಳು. ಅವಳು ಬೇಲಿ ದಾಟಿದ್ದೇ ತಡ, ನಾನು ದುಪ್ಪಟಿ ಹೊದ್ದುಕೊಂಡು ಹಿಂದಿನಿಂದ ಹೋಗಿ ಕಳ್ಳಿಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಅವಳು ಒಂದು ಕಡೆ ನಿಂತಳು. ಬಾಗಿ ನೋಡಿದಳು. ಸೆರಗಿನ ಗಂಟು ಬಿಚ್ಚಿದಳು. ಬಾಯಿ ತೆರೆದಳು. ಅದೇ ಹೊತ್ತಿಗೆ ನನ್ನ ಬೆನ್ನ ಹಿಂದಿನಿಂದ ಆರು ಆಡುಗಳ ಸಮೇತ ಹುಸೇನಬಿ ಬಂದಳು. "ಯಾ ಅಲ್ಲಾ! ಮಾಸ್ತರ, ಕಳ್ಳಿ ಹಿಂದ ಯಾಕ ಹಿಂಗ ಕುಂತೀರಿ? ಹೊಟ್ಟಿ ಕೆಟ್ಟೈತೇನ್ರಿ? ಅಕ್ಕಾರ, ಮಾಸ್ತರಗ ಹೊಟ್ಟೀದೂ ಔಷಧ ಬೇಕು ನೋಡ್ರಿ!" ನಮ್ಮಾಕೆ ತಿರುಗಿದಳು. ಅಕ್ಷತೆಯನ್ನು ಮತ್ತೆ ಗಂಟು ಹಾಕಿಕೊಂಡು ನನ್ನ ಮುಂದೆಯೇ ನಡೆದುಹೋದಳು. ಮನೆಗೆ ಬಂದ ಮೇಲೆ ಹೇಳಿದಳು: "ಇವತ್ತಿಂದು ಕೆಟ್ಟಿತು. ನಾಳೆ ಮಂಗಳವಾರ, ಕರೀಬಾರದು. ನಾಡದು ಅಮಾಸಿ. ಇನ್ನ ಮೂರು ದಿನ ಹಿಂಗ ಹಳದಿ ಇರ್ರಿ."

ಮೂರು ದಿನ ಹಳದಿಯಾಗಿ ಇದ್ದೆ. ಮೂರನೆಯ ಸಂಜೆ ಅವಳು ಹೊರಡುವಾಗ, "ಹಾಸಿಗಿ ಬಿಟ್ಟು ಎದ್ರ ನನ್ನಾಣಿ ಐತಿ" ಎಂದು ಬಾಗಿಲು ಮುಂದೆ ಮಾಡಿ ಹೋದಳು. ನಾನು ಏಳಲಿಲ್ಲ. ಮಗ್ಗಿ ಶುರು ಮಾಡಿದೆ. ಆರು ಬಂತು, ಭರಮಪ್ಪ ಹಿಂದೆ ಬಿದ್ದ. ಹತ್ತು ದಾಟಿತು. ಹದಿಮೂರರ ಮಗ್ಗಿಯಲ್ಲಿ ನಾನು ಯಾವಾಗಲೂ ತಪ್ಪುವವನು, ತಪ್ಪಿ ಮತ್ತೆ ಮೊದಲಿನಿಂದ ಹೇಳಿದೆ. ಹದಿನೇಳು ಮುಗಿಯುವ ಹೊತ್ತಿಗೆ ಅವಳ ಬಳೆ ಸದ್ದಾಯಿತು. ಮೊದಲು ಹೆಮ್ಮೆಯಾಯಿತು: ಹದಿನೇಳು! ಆಮೇಲೆ ಹೆದರಿಕೆಯಾಯಿತು. ಅಷ್ಟು ಹೊತ್ತು ಏನು ಹೇಳಿದ್ದಾಳು? ಹೊಗಳಿಕೆಗೆ ಅಷ್ಟು ಸಮಯ ಹಿಡಿಯುವುದಿಲ್ಲ, ತಕರಾರಿಗೆ ಹಿಡಿಯುತ್ತದೆ. ಅಥವಾ ಹೆಸರು ಬಾಯಿಗೆ ಬಾರದೆ ಸುಮ್ಮನೆ ನಿಂತಿದ್ದಳೋ? ಅವಳು ಕಂದೀಲು ಹಚ್ಚಿದಾಗ ನೋಡಿದೆ, ಸೀರೆಯ ಮೇಲೆ ಮೊಣಕಾಲ ಹತ್ತಿರ ಕೆಮ್ಮಣ್ಣು ಹತ್ತಿತ್ತು. ಎಂದರೆ ಕೂತಿದ್ದಾಳೆ. ಭರಮಪ್ಪನ ಸಲುವಾಗಿ ನಿಂತೇ ಹೇಳಿದ್ದಳು.

ಮರುದಿನದಿಂದ ಒಂದು ವಾರ ಮುಂಜಾನೆ ಬರೀ ಹೊಟ್ಟೆಯಲ್ಲಿ ಆ ಗಿಡ ಅರೆದು ಹಾಕಿದ ಹಸಿರು ಮಜ್ಜಿಗೆ ಕುಡಿದೆ. ಹಲಗೆಯ ಹಿಂದಿನ ಮಿಕ್ಸ್ಚರನ್ನೂ ಕಳ್ಳತನದಿಂದ ಕುಡಿದೆ. ಮಲಗಿಯೂ ಇದ್ದೆ. ಕಣ್ಣು ಬೆಳ್ಳಗಾದವು. ಬೆಳ್ಳಗಾದ ದಿನವೇ ಕೇಳಿದೆ:

"ಅವತ್ತು ಗಿಡಕ್ಕ ನನ್ನ ಹೆಸರು ಹೇಳಿದಿಲ್ಲೋ?"

"ಹೇಳದ ಇದ್ರ ಅದು ಗುಣಾ ಮಾಡತಿತ್ತೇನು?"

"ಏನಂತ ಹೇಳಿದಿ?"

"ಗಿಡಕ್ಕ ಹೇಳಿದ್ದು ಹೊರಗ ಹೇಳಿದ್ರ ಔಷಧ ಕೆಡತೈತಿ."

"ಈಗ ನಾ ಆರಾಮ ಆಗೇನೆಲ್ಲ, ಕೆಟ್ಟರೇನಾತು?"

"ಆರಾಮ ಆದ ಮ್ಯಾಲೆ ಹೆಸರು ತಗೊಂಡು ಏನ ಮಾಡತೀರಿ? ಛತ್ರಿ ತಗೊಂಡು ಸಾಲಿಗೆ ನಡೀರಿ."

ಹುಸೇನಬಿ ಅಂದು ಇಳಿಜಾರಿನಲ್ಲಿಯೇ ಇದ್ದಳಲ್ಲ ಎಂದು ಅವಳನ್ನು ಹಿಡಿದೆ. ಅವಳು ಬಿದ್ದು ಬಿದ್ದು ನಕ್ಕಳು. "ಕೇಳಿಸೈತಿ ಮಾಸ್ತರ, ಆದ್ರ ಹೇಳಂಗಿಲ್ಲ. ಭರಮಪ್ಪಂದು ಹೇಳಿದಷ್ಟು ಛಂದ ಹೇಳಲಿಲ್ಲ ಬಿಡ್ರಿ" ಎಂದಳು. ನನ್ನ ಮುಖ ನೋಡಿ ಕನಿಕರ ಬಂತೇನೋ, ಕೋಲು ಊರಿಕೊಂಡು ಕೂತು ಕೇಳಿದಳು: "ನಾಳೆ ಅಕ್ಕಾರಿಗೆ ಬ್ಯಾನಿ ಬಂದ್ರ ನೀವು ಏನಂತ ಹೇಳತೀರಿ ಗಿಡಕ್ಕ?"

"ಅದರಾಗೇನೈತಿ? ಹೆಸರು ಹೇಳತೇನಿ."

"ಹೇಳ್ರಿ ನೋಡೋಣ."

ಬಾಯಿ ತೆರೆದೆ. ಹೆಂಡತಿಯ ಹೆಸರು ಹೇಳಬಾರದೆಂದು ನನ್ನನ್ನು ಯಾರೂ ಕಟ್ಟಿಹಾಕಿರಲಿಲ್ಲ. ಆದರೆ ಹನ್ನೊಂದು ವರ್ಷ ನಾನು ಅವಳನ್ನು ಕರೆದದ್ದು "ಇಲ್ಲಿ ಕೇಳು" ಎಂದು, "ಎಲ್ಲಿದ್ದೀ" ಎಂದು, ಬಹಳವಾದರೆ ಒಂದು ಕೆಮ್ಮು. ಹೆಸರು ಗಂಟಲಿನಲ್ಲಿ ಸ್ವಲ್ಪ ತಡಕಾಡಿ ಹೊರಗೆ ಬಂತು, ಬಂದದ್ದು ನಾನು ತರಗತಿಯಲ್ಲಿ ಹಾಜರಿ ಕೂಗುವ ಧ್ವನಿಯಲ್ಲಿ. ಮೇಯುತ್ತಿದ್ದ ಒಂದು ಆಡು ತಲೆಯೆತ್ತಿ ನೋಡಿತು. ಹುಸೇನಬಿ ತಲೆ ಅಲ್ಲಾಡಿಸಿದಳು. "ಹಿಂಗ ಕೂಗಿದ್ರ ಗಿಡ ಹಾಜರ್ ಸರ್ ಅಂದೀತು ಮಾಸ್ತರ. ಔಷಧ ಕೊಡಂಗಿಲ್ಲ."

ಇದಾಗಿ ಕೆಲವು ವರ್ಷಗಳಾದವು. ಹುಸೇನಬಿ ಈಗ ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ನೆಲನೆಲ್ಲಿಯ ಚಿತ್ರವನ್ನು ನಾನು ಅಲ್ಲಿಂದೀಚೆಗೆ ಹಲವು ಸಲ ಬರೆದಿದ್ದೇನೆ, ಎಲೆಯ ಕೆಳಗೆ ಸಾಲಾಗಿ ಅಂಟಿಕೊಂಡ ಆ ಸಣ್ಣ ಕಾಯಿಗಳೊಂದಿಗೆ, ಒಂದು ಕಾಯಿಯೂ ಬಿಡದ ಹಾಗೆ. ಚಿತ್ರ ಚೆನ್ನಾಗಿ ಬರುತ್ತದೆ, ಗಿಡ ಬಾಯಿ ಬಿಡುವುದಿಲ್ಲ. ಎರಡನೆಯ ಸಲ ಕಾಮಾಲೆಯಾಗುವ ಸಾಧ್ಯತೆ ಎಷ್ಟೆಂದು ದವಾಖಾನೆಯ ಡಾಕ್ಟರರನ್ನು ಕೇಳಿ ನೋಡಿದೆ. ಅವರು ಮುಂದಿನ ರೋಗಿಯನ್ನು ಕರೆದರು. ಇದನ್ನು ಬರೆಯುತ್ತಿರುವಾಗಲೂ ಅವಳು ಬೇಲಿಯಾಚೆ ಯಾರದೋ ಸಲುವಾಗಿ ನಿಂತು ಮಾತಾಡುತ್ತಿದ್ದಾಳೆ. ಧ್ವನಿ ಕೇಳುತ್ತಿದೆ, ಮಾತು ಕೇಳುತ್ತಿಲ್ಲ. ನಾನು ಒಂಬತ್ತರ ಮಗ್ಗಿಯಲ್ಲಿದ್ದೇನೆ. ನನ್ನನ್ನು ಗುಣ ಮಾಡಿದ್ದು ಗಿಡವೋ ಬಾಟಲಿಯೋ ಹಾಸಿಗೆಯೋ ನನಗೆ ತಿಳಿಯದು, ತಿಳಿಯದಿದ್ದರೂ ನಡೆಯುತ್ತದೆ. ಆ ಸಂಜೆ ಕೆಮ್ಮಣ್ಣಿನ ಮೇಲೆ ಕೂತು ಅವಳು ನನ್ನನ್ನು ಏನೆಂದು ಕರೆದಳು ಎಂಬುದೂ ನನಗೆ ಗೊತ್ತಿಲ್ಲ.